ಪುಣ್ಯಕೋಟಿ ನಾಟಕದಲ್ಲಿ ಹುಲಿ ಸಾಯಲೇಬೇಕಾ?

ತಾಲೀಮು ಮೇಷ್ಟ್ರು:
ಹಳೆ ಕಥೆಗಳನ್ನು, ದೊಡ್ಡವರ ನಾಟಕಗಳನ್ನು ಮಕ್ಕಳಿಗೆ ಹೊಂದುವ ಹಾಗೆ ಬರೆದುಕೊಡುವುದು ನನ್ನ ಕೆಲಸ. ಈ ಸಲ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಗೋವಿನ ಹಾಡನ್ನು ನಾಟಕ ಮಾಡಿಕೊಟ್ಟೆ. ನಾಲ್ಕರಿಂದ ಏಳನೇ ಕ್ಲಾಸಿನ ಮಕ್ಕಳು ಆಡುತ್ತಾರೆ. ತಾಲೀಮು ಅರ್ಧ ಮುಗಿದಿದೆ. ಈಗ ಶಾಲೆಯವರು, ಕೊನೆಯಲ್ಲಿ ಹುಲಿ ಪ್ರಾಣ ಬಿಡೋದು ಬೇಡ, ಹುಲಿ ಹಸು ಇಬ್ಬರೂ ಸ್ನೇಹಿತರಾಗಿ ಕುಣಿಯಲಿ, ಅಪ್ಪ ಅಮ್ಮಂದಿರು ಖುಷಿಯಾಗಿ ಮನೆಗೆ ಹೋಗಲಿ ಅಂತಿದ್ದಾರೆ. ನಾನು ಒಪ್ಪಿಲ್ಲ. ಮಕ್ಕಳಿಗೆ ಅಂತ ಬರೆಯುವಾಗ ಭಾಷೆ ಬದಲಿಸಬಹುದು, ಪಾತ್ರ ಕಮ್ಮಿ ಮಾಡಬಹುದು, ಎರಡು ಗಂಟೆಯದ್ದನ್ನು ನಲವತ್ತು ನಿಮಿಷಕ್ಕೆ ಇಳಿಸಬಹುದು. ಆದರೆ ಕಥೆಯಲ್ಲಿ ಯಾರು ಏನು ಕಳ್ಕೊಂಡ್ರು ಅನ್ನೋದನ್ನೇ ತೆಗೆದುಬಿಟ್ಟರೆ ಉಳಿಯೋದೇನು? ನಿಮ್ಮ ಅಭಿಪ್ರಾಯ ಹೇಳಿ.

ಒಂದನೇ ಕ್ಲಾಸ್ ಟೀಚರ್:
ಮೇಷ್ಟ್ರೇ, ಶಾಲೆಯವರ ಕಡೆಯಿಂದಲೂ ಸ್ವಲ್ಪ ನೋಡಿ. ಮುಂದಿನ ಸಾಲಲ್ಲಿ ಕೂರೋದು ಯಾರು? ಎಲ್‌ಕೆಜಿ, ಯುಕೆಜಿ ಮಕ್ಕಳು. ಹಾಡಲ್ಲಿ ಕೇಳೋದು ಬೇರೆ, ದೀಪ ಆರಿಸಿ, ಚಂಡೆ ಬಾರಿಸಿ, ಕಣ್ಣೆದುರೇ ಒಂದು ಜೀವ ಬೀಳೋದನ್ನ ನೋಡೋದು ಬೇರೆ. ನಾಲ್ಕು ವರ್ಷದ ಮಗು ಅದು ನಾಟಕ ಅಂತ ಬೇರೆ ಮಾಡಿ ನೋಡಲ್ಲ. ಅಕ್ಕನೇ ಹುಲಿ ವೇಷ ಹಾಕಿದ್ದರಂತೂ ಮುಗೀತು, ‘ಅಕ್ಕ ಸತ್ತಳಾ’ ಅಂತ ಜೋರಾಗಿ ಅಳುತ್ತೆ. ಆ ಮಗುವನ್ನ ಎತ್ಕೊಂಡು ಹೊರಗೆ ಓಡೋರು ನಾವು.

ಕುಂದಾಪುರದಾಕೆ:
ಟೀಚರಮ್ಮ, ಅಳಲಿ ಬಿಡಿ. ಆ ಹಾಡಲ್ಲಿ ಮಕ್ಕಳು ಏನು ಹೇಳ್ತಾರೆ ಅಂತ ಗಮನಿಸಿದ್ದೀರಾ? ‘ಖಂಡವಿದೆಕೋ ಮಾಂಸವಿದೆಕೋ, ಗುಂಡಿಗೆಯ ಬಿಸಿ ರಕ್ತವಿದೆಕೋ.’ ಇದನ್ನ ರಾಗವಾಗಿ ಬಾಯಿಪಾಠ ಹೇಳುವ ಮಕ್ಕಳು ಇವರು. ‘ಆರ ಮೊಲೆಯ ಕುಡಿಯಲಮ್ಮ’ ಅಂತ ಕರು ಕೇಳುವಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತೆ. ಸಾವು ಇಲ್ಲ ಅಂದ್ರೆ ಆ ಪ್ರಶ್ನೆಗೆ ತೂಕ ಎಲ್ಲಿಂದ ಬರಬೇಕು?

ನಮ್ಮ ಕಡೆಯ ಲೇಖಕಿ ವೈದೇಹಿ ಅವರನ್ನೇ ತಗೊಳ್ಳಿ. ಷೇಕ್ಸ್‌ಪಿಯರನ ಟೆಂಪೆಸ್ಟ್ ಅವರ ಕೈಯಲ್ಲಿ ‘ಧಾಂ ಧೂಂ ಸುಂಟರಗಾಳಿ’ ಆಯ್ತು, ಮಕ್ಕಳ ನಾಟಕ. ಮ್ಯಾಕ್‌ಬೆತ್‌ನಿಂದ ‘ಗೊಂಬೆ ಮ್ಯಾಕ್‌ಬೆತ್’ ಮಾಡಿದರು. ಮ್ಯಾಕ್‌ಬೆತ್ ಅಂದ್ರೆ ರಾತ್ರಿ ಮಲಗಿದ್ದ ರಾಜನನ್ನ, ಅದೂ ಮನೆಗೆ ಬಂದ ನೆಂಟನನ್ನ, ಕೊಲ್ಲುವ ಕಥೆ. ಅದು ಮಕ್ಕಳಿಗೆ ಬೇಡ ಅಂತ ಅವರು ಪಕ್ಕಕ್ಕಿಡಲಿಲ್ಲವಲ್ಲ.

ಹಳೇ ರಂಗಪ್ರೇಮಿ:
ಕೊನೆ ಬದಲಿಸೋದು ಹೊಸ ರೋಗ ಏನಲ್ಲ. ಷೇಕ್ಸ್‌ಪಿಯರನ ಕಿಂಗ್ ಲಿಯರ್‌ನಲ್ಲಿ ರಾಜನ ಕಿರಿ ಮಗಳು ಕಾರ್ಡೀಲಿಯಾ ಸಾಯೋದನ್ನ ತಡೆದುಕೊಳ್ಳೋಕಾಗದೆ 1681ರಲ್ಲಿ ನೇಹಮ್ ಟೇಟ್ ಅನ್ನೋನು ಅವಳನ್ನ ಬದುಕಿಸಿ ಮದುವೆಯನ್ನೂ ಗೊತ್ತುಮಾಡಿದ. ಇಂಗ್ಲೆಂಡಿನ ರಂಗಭೂಮಿ ನೂರೈವತ್ತು ವರ್ಷ ಅದನ್ನೇ ಆಡಿತು. ನಮ್ಮಲ್ಲೂ 19ನೇ ಶತಮಾನದ ಕೊನೆಗೆ ರೋಮಿಯೋ ಜೂಲಿಯೆಟ್ ಕನ್ನಡಕ್ಕೆ ‘ರಾಮವರ್ಮ ಲೀಲಾವತಿ’ ಆಗಿ ಬಂದಾಗ, ಸತ್ತ ಪ್ರೇಮಿಗಳನ್ನ ವಿಷ್ಣುವೇ ಬದುಕಿಸಿದ. ಇವೆರಡೂ ದೊಡ್ಡವರಿಗೆ ಬರೆದದ್ದು. ಮಕ್ಕಳಿಗೆ ಅಂತಲೇ ಬರೆದ ಚಾರ್ಲ್ಸ್ ಮತ್ತು ಮೇರಿ ಲ್ಯಾಂಬ್ 1807ರಲ್ಲಿ ಷೇಕ್ಸ್‌ಪಿಯರ್ ಕಥೆಗಳನ್ನ ಗದ್ಯಕ್ಕೆ ತಂದರು, ಅದರಲ್ಲಿ ಕಾರ್ಡೀಲಿಯಾ ಸಾಯ್ತಾಳೆ, ರೋಮಿಯೋ ಜೂಲಿಯೆಟ್ ಇಬ್ಬರೂ ಸಾಯ್ತಾರೆ. ಸಾವನ್ನ ತಡ್ಕೊಳ್ಳೋಕಾಗದೆ ಇದ್ದೋರು ದೊಡ್ಡವರೇ. ಹೆಸರು ಮಾತ್ರ ಮಕ್ಕಳದ್ದು.

ಇಬ್ಬರು ಮಕ್ಕಳ ಅಪ್ಪ:
ನನ್ನ ತಕರಾರು ಬೇರೆ. ಹುಲಿ ಸಾಯೋದು ಭಯ ಅಂತಲ್ಲ, ಅದು ಸರಿನಾ ಅಂತ. ಹುಲಿ ಹುಟ್ಟಿದ್ದೇ ಮಾಂಸ ತಿನ್ನೋಕೆ. ಹಸಿದಿತ್ತು, ಹಸುವನ್ನ ಹಿಡೀತು. ಅದರಲ್ಲಿ ತಪ್ಪೇನಿದೆ? ಹಾಗಿದ್ದೂ ನಾಚಿಕೊಂಡು ಪ್ರಾಣ ಬಿಡುತ್ತೆ. ‘ಪಾಪ ಹುಲಿ ಯಾಕಪ್ಪಾ ಸಾಯ್ಬೇಕಿತ್ತು, ಬೇರೆ ಏನಾದ್ರೂ ತಿನ್ಬೋದಿತ್ತಲ್ಲ’ ಅಂತ ನನ್ನ ಮಗಳು ಕೇಳಿದಳು. ನನ್ನ ಹತ್ರ ಉತ್ತರ ಇರಲಿಲ್ಲ. ಹಳೆಯದು ಅನ್ನೋ ಒಂದೇ ಕಾರಣಕ್ಕೆ ಪ್ರಶ್ನೆ ಕೇಳಬಾರದಾ? ಇವತ್ತು ಬರೆಯೋನು ಇವತ್ತಿನ ಮಾತು ಹೇಳಲಿ.

ತಾಲೀಮು ಮೇಷ್ಟ್ರು:
ಸರ್, ನಿಮ್ಮ ಮಾತನ್ನ ಶಾಲೆಯವರ ಮಾತಿನ ಜೊತೆ ಸೇರಿಸಲ್ಲ. ಅವರು ಕೇಳ್ತಿರೋದು ಪ್ರಶ್ನೆಯೇ ಏಳದ ಹಾಗೆ ಮುಗಿಸಿ ಅಂತ. ನೀವು ಕೇಳ್ತಿರೋದು ಪ್ರಶ್ನೆಯನ್ನ ರಂಗದ ಮೇಲೆ ತನ್ನಿ ಅಂತ. ನಿಮ್ಮ ಮಗಳ ಮಾತು ನೋಡಿ, ಹುಲಿ ಸತ್ತಿದ್ದಕ್ಕೇ ಅಲ್ವಾ ಅದು ಹುಟ್ಟಿದ್ದು? ಇಬ್ಬರೂ ಕೈ ಹಿಡ್ಕೊಂಡು ಕುಣಿದಿದ್ದರೆ ಅವಳು ಚಪ್ಪಾಳೆ ಹೊಡೆದು ಎದ್ದು ಬರ್ತಿದ್ದಳು.

ರಂಗ ನಿರ್ದೇಶಕ ಬಿ.ವಿ. ಕಾರಂತರ ಮಕ್ಕಳ ನಾಟಕ ‘ಪಂಜರ ಶಾಲೆ’ಯ ಮೂಲ ಟ್ಯಾಗೋರರ ಗಿಳಿಯ ಕಥೆ. ಮೂಲದಲ್ಲಿ ಗಿಳಿಗೆ ವಿದ್ಯೆ ಕಲಿಸ್ತೀವಿ ಅಂತ ಪುಸ್ತಕದ ಹಾಳೆ ತುರುಕಿ ತುರುಕಿ ಕೊನೆಗೆ ಸಾಯಿಸ್ತಾರೆ. ರಾಜ ಮುಟ್ಟಿ ನೋಡಿದರೆ ಹೊಟ್ಟೆಯೊಳಗೆ ಹಾಳೆ ಸರಸರ ಅನ್ನುತ್ತೆ. ಇಂಥ ಕಥೆಯಲ್ಲೇ ಮಕ್ಕಳ ನಾಟಕ ಇದೆ ಅಂತ ಕಂಡವರು ಕಾರಂತರು.

ಒಂದನೇ ಕ್ಲಾಸ್ ಟೀಚರ್:
ಅದೆಲ್ಲ ಒಪ್ಪಿದೆ. ಆದ್ರೂ ಚಿಕ್ಕ ಮಕ್ಕಳ ವಿಷಯಕ್ಕೆ ನೀವು ಯಾರೂ ಉತ್ತರ ಕೊಡಲಿಲ್ಲ. ಹತ್ತು ವರ್ಷದವರಿಗೆ ಸರಿ, ನಾಲ್ಕು ವರ್ಷದವರಿಗೆ?

ಕುಂದಾಪುರದಾಕೆ:
ಅದು ಹೇಗೆ ಆಡಿಸ್ತೀವಿ ಅನ್ನೋದರ ಮೇಲೆ ನಿಂತಿದೆ, ಟೀಚರಮ್ಮ. ಒಂದು ಬೇಸಿಗೆ ಶಿಬಿರದಲ್ಲಿ ನಾವು ಇದನ್ನೇ ಆಡಿಸಿದ್ವಿ. ಹುಲಿಯ ಮುಖವಾಡ ರದ್ದಿ ಪೇಪರ್, ಮೈದಾ ಅಂಟಲ್ಲಿ ಮಾಡಿದ್ದು. ಹುಡುಗ ಅದನ್ನ ಮುಖಕ್ಕೆ ಕಟ್ಟಿಕೊಳ್ಳಲಿಲ್ಲ, ಕೈಯಲ್ಲಿ ಹಿಡಿದು ಆಡಿಸಿದ. ಮೊದಲ ದೃಶ್ಯದಲ್ಲೇ ಎಲ್ಲರೆದುರು ‘ನಾನೀಗ ಹುಲಿ’ ಅಂತ ಹೇಳಿ ಎತ್ತಿಕೊಂಡ. ಕೊನೆಯಲ್ಲಿ ಮೇಳದ ಇಬ್ಬರು ಮಕ್ಕಳು ಯಕ್ಷಗಾನದ ತೆರೆ ಹಾಗೆ ಒಂದು ಸೀರೆ ಹಿಡಿದರು, ಚಂಡೆ ನಿಂತಿತು, ಸೀರೆ ಸರಿಸಿದಾಗ ಮುಖವಾಡ ನೆಲದ ಮೇಲೆ. ಹುಡುಗ ಆಗಲೇ ಮೇಳದಲ್ಲಿ ನಿಂತು ಉಳಿದವರ ಜೊತೆ ಹಾಡ್ತಿದ್ದ. ಹುಲಿ ಸತ್ತಿದ್ದು ಎಲ್ಲರಿಗೂ ತಿಳೀತು, ಅಣ್ಣ ಇಲ್ಲೇ ಇದ್ದಾನೆ ಅನ್ನೋದೂ ಕಾಣ್ತಿತ್ತು. ಚಿಕ್ಕವರು ಸುಮ್ನೆ ನೋಡ್ತಾ ಕೂತಿದ್ರು, ಯಾರೂ ಎದ್ದು ಹೋಗಲಿಲ್ಲ.

ಒಂದನೇ ಕ್ಲಾಸ್ ಟೀಚರ್:
ಹಾಗಾದ್ರೆ ಪರವಾಗಿಲ್ಲ. ನನಗೆ ಬೇಕಿದ್ದಿದ್ದು ಅಷ್ಟೇ, ಮಗುವಿನ ಕಣ್ಣಿಗೆ ಆ ಅಣ್ಣ ಕಾಣಬೇಕು.

ಇಬ್ಬರು ಮಕ್ಕಳ ಅಪ್ಪ:
ನನ್ನ ಪ್ರಶ್ನೆ ಇನ್ನೂ ಹಾಗೇ ಇದೆ. ಮೇಳದಲ್ಲಿ ಒಂದು ಮಗು ಅದನ್ನ ಬಾಯಿಬಿಟ್ಟು ಕೇಳಲಿ, ಹುಲಿ ಯಾಕೆ ಸಾಯ್ಬೇಕಿತ್ತು ಅಂತ. ಬೇರೆಯವರು ಉತ್ತರ ಕೊಡೋದು ಬೇಡ.

ತಾಲೀಮು ಮೇಷ್ಟ್ರು:
ಆ ಸಾಲು ಸೇರಿಸ್ತೀನಿ ಸರ್. ಕರುವಿನ ಪಾತ್ರ ಮಾಡೋ ಹುಡುಗಿ ಬಾಯಲ್ಲೇ ಬರಲಿ, ಅವಳಿಗೆ ಆ ಹಕ್ಕು ಜಾಸ್ತಿ. ಸೀರೆಯ ಉಪಾಯ ಸೋಮವಾರದ ತಾಲೀಮಲ್ಲಿ ಮಾಡಿ ನೋಡ್ತೀನಿ, ಶಾಲೆಯವರನ್ನೂ ಬಂದು ಕೂತು ನೋಡೋಕೆ ಕರೀತೀನಿ. ಆಮೇಲೂ ಕುಣಿತವೇ ಬೇಕು ಅಂದ್ರೆ ಬೇರೆ ನಾಟಕ ಬರೆದುಕೊಡ್ತೀನಿ, ಇದನ್ನ ಹಾಗೆ ಕೊಡಲ್ಲ.