ಡೇರೆ ಗಡ್ಡೆ ಮಳೆಗಾಲದ ತನಕ ಉಳಿಸೋದು ಹೇಗೆ? ಮಾಡಿ ನೋಡಿದವರು ಹೇಳಿ

ಎಲ್ಲರಿಗೂ ನಮಸ್ಕಾರ. ನಾನಿರೋದು ಬೆಂಗಳೂರಲ್ಲಿ, ಮೂರನೇ ಮಹಡಿ, ಪೂರ್ವಕ್ಕೊಂದು ಬಾಲ್ಕನಿ ಅಷ್ಟೇ. ತವರು ಸಿರ್ಸಿ ಕಡೆ, ಸಂಕ್ರಾಂತಿಗೆ ಹೋದಾಗ ಆಯಿ ಒಂದು ಚೀಲ ಡೇರೆ ಗಡ್ಡೆ ಕೊಟ್ಟು ಕಳಿಸಿದಾಳೆ, ಇಲ್ಲಿ ಡೇಲಿಯಾ ಅಂತಾರಲ್ಲ ಅದೇ. ಹೋದ ವರ್ಷ ಪೇಪರಲ್ಲಿ ಸುತ್ತಿ ಲಾಫ್ಟ್ ಮೇಲಿಟ್ಟಿದ್ದೆ, ಏಪ್ರಿಲ್‌ನಲ್ಲಿ ತೆಗೆದ್ರೆ ಉತ್ತತ್ತೆ ಥರ ಸುಕ್ಕಾಗಿ ಕಟ್ಟಿಗೆ ಆಗಿತ್ತು. ಅದರ ಹಿಂದಿನ ವರ್ಷ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಟ್ಟಿದ್ದೆ, ಕೊಳೆತು ನೀರಾಗಿ ಮನೆಯೆಲ್ಲ ನಾತ. ಅಂದ್ರೆ ಒಣಗಿಸಿಯೂ ಕೊಂದಿದೀನಿ, ಕೊಳೆಸಿಯೂ ಕೊಂದಿದೀನಿ. ಈ ಸಲ 5 ಗುಂಪು ಇದೆ (ಒಂದು ದಂಟಿನ ಬುಡಕ್ಕೆ ಅಂಟಿರೋ ಗಡ್ಡೆಗಳೆಲ್ಲ ಸೇರಿ ಒಂದು ಗುಂಪು), ಮೂರು ಬಣ್ಣ, ಅದರಲ್ಲಿ ಒಂದು ಅಜ್ಜಿ ಕಾಲದಿಂದ ಮನೇಲಿರೋ ಕಡುಗೆಂಪು. ಜೂನ್ ತನಕ ಹೇಗಿಡೋದು, ಒಂದು ಗುಂಪಿಂದ ಎಷ್ಟು ಗಿಡ ಮಾಡಬಹುದು? ಆಯಿ ಕೇಳಿದ್ರೆ "ಮೆತ್ತಿನ ಮೇಲೆ ಒಗ್ದು ಬಿಟ್ರೆ ಸೈ" ಅಂತಾಳೆ, ಫ್ಲ್ಯಾಟಲ್ಲಿ ಮೆತ್ತು (ಹೆಂಚಿನ ಮನೆಯ ಅಟ್ಟ) ಎಲ್ಲಿಂದ ತರ್ಲಿ.

ಸಾಗರದ ಹತ್ತಿರದಿಂದ:

ತಂಗೀ, ಮೆತ್ತಿನ ಮೇಲೆ ನಾವೂ ಇಡ್ತಿದ್ವು, ಆಮೇಲೆ ಬಿಟ್ವಿ, ಮಾರ್ಚ್ ಬಂತು ಅಂದ್ರೆ ಹೆಂಚಿನ ಅಡಿ ಬಿಸಿ ಹೊಡೀತದೆ. ಈಗ ಅಕ್ಕಿ ಚೀಲ ಇಡೋ ಕತ್ತಲೆ ಕೋಣೆ ಮೂಲೆ, ಮಣ್ಣಿನ ಗೋಡೆ, ವರ್ಷವಿಡೀ ತಂಪು, ಅಲ್ಲೇ. ನಾನು ಮಾಡೋದು ಹೇಳ್ತೆ. ದೀಪಾವಳಿ ಕಳೆದು ಗಿಡ ಹಳದಿ ತಿರುಗಿದ ಮೇಲೆ ನೀರು ಹಾಕೋದಿಲ್ಲ, ದಂಟು ಪೂರ್ತಿ ಒಣಗಿದ ಮೇಲೆ ಒಂದು ಗೇಣು ಬಿಟ್ಟು ಕೊಯ್ದು ಹಾಕಿ, ಬುಡದಿಂದ ಒಂದಡಿ ದೂರಕ್ಕೆ ಗುದ್ದಲಿ ಹಾಕಿ ಮಣ್ಣು ಸಮೇತ ಎಬ್ಬಿಸ್ತೆ. ದಂಟು ಹಿಡಿದು ಜಗ್ಗಿದ್ರೋ ಮುಗೀತು, ಗಡ್ಡೆ ಕುತ್ತಿಗೆ ಮುರೀತದೆ, ಕುತ್ತಿಗೆ ಮುರಿದದ್ದು ಮತ್ತೆ ಚಿಗುರೋದು ಕಷ್ಟ. ಇನ್ನೊಂದು, ಆ ದಂಟು ಪೊಳ್ಳು, ಕೊಳವೆ ಇದ್ದಂಗೆ, ಒಳಗೆ ನೀರು ನಿಂತಿರ್ತದೆ, ಅದಕ್ಕೇ ಎರಡು ದಿನ ತಲೆಕೆಳಗಾಗಿ ನೆರಳಲ್ಲಿಡಬೇಕು, ಕೊಳೆಯೋಕೆ ಶುರುವಾಗೋದೇ ಅಲ್ಲಿಂದ. ತೊಳೆಯೂದಿಲ್ಲ, ಮಣ್ಣು ಕೊಡವಿದ್ರೆ ಸಾಕು. ಆಮೇಲೆ ಮಣ್ಣಿನ ಮಡಕೆಗೆ ಒಂದು ಪದರ ಹೊಳೆ ಮರಳು ಅದಕ್ಕೆ ಸ್ವಲ್ಪ ಜರಡಿ ಹಿಡಿದ ಬೂದಿ, ಮೇಲೆ ಗಡ್ಡೆ, ಮತ್ತೆ ಮರಳು. ಬೂದಿ ಮಾತ್ರ ಪೂರ್ತಿ ತಣ್ಣಗಿರ್ಲಿ, ನಮ್ಮ ಅತ್ತಿಗೆ ಒಂದ್ಸಲ ಬಚ್ಚಲ ಒಲೆಯಿಂದ ಆಗಷ್ಟೇ ತೆಗೆದ ಬೂದಿ ಸುರಿದು ಡೇರೆ ಗಡ್ಡೆನ ಸುಟ್ಟ ಗೆಣಸು ಮಾಡಿಟ್ಟಿದ್ರು.

ತಿಂಗಳಿಗೊಮ್ಮೆ ಕೈ ಹಾಕಿ ಮುಟ್ಟಿ ನೋಡಬೇಕು, ಇದೇ ಮುಖ್ಯ, ಇಟ್ಟು ಮರೆತವರದ್ದೇ ಹಾಳಾಗೋದು. ಸುಕ್ಕು ಕಂಡ್ರೆ ಮರಳಿಗೆ ಒಂದು ಚಿಮುಕಿಸು ನೀರು. ಎಲ್ಲಾದ್ರೂ ಮೆತ್ತಗಾಗಿದ್ರೆ ಬಿಳಿ ತಿರುಳು ಸಿಗೋ ತನಕ ಕೊಯ್ದು ತೆಗೆದು ಆ ಜಾಗಕ್ಕೆ ಬೂದಿ ಒತ್ತೋದು. ಬಾಯಿಗೆ ತಗಡು ಮುಚ್ಚಿ, ಇಲಿ ಬಿಡೂದಿಲ್ಲ.

ತೀರ್ಥಹಳ್ಳಿ ಕಡೆಯಿಂದ:

ನಾವು ಕೀಳೋದೇ ಇಲ್ಲ. ಬುಡಕ್ಕೆ ಒಂದು ಗೂಟ ಹುಗಿದು ಗುರುತು ಮಾಡಿ ಮೇಲೆ ತರಗೆಲೆ ಹೊದಿಸಿ ಬಿಡೋದು, ಮೇ ತಿಂಗಳ ಅಡ್ಡ ಮಳೆ ಬಿದ್ದ ಕೂಡ್ಲೇ ಅದೇ ಏಳುತ್ತೆ. ಆದ್ರೆ ಮೂರು ವರ್ಷ ಹಾಗೇ ಬಿಟ್ರೆ ಗಡ್ಡೆ ಒತ್ತೊತ್ತಾಗಿ ಹೂವು ಸಣ್ಣದಾಗುತ್ತೆ, ಆಗ ಕಿತ್ತು ಬೇರೆ ಮಾಡಲೇಬೇಕು. ಒಂದು ವರ್ಷ ಮುಳ್ಳುಹಂದಿ ಬಂದು ಸಾಲಿಗೆ ಸಾಲೇ ಖಾಲಿ ಮಾಡಿ ಹೋಯ್ತು, ಅವತ್ತಿಂದ ಪ್ರತಿ ಬಣ್ಣದ್ದು ಒಂದೊಂದು ಗುಂಪು ಒಳಗೂ ಇಡ್ತೀನಿ. ಬಾಲ್ಕನಿಯವರಿಗೆ ಮುಳ್ಳುಹಂದಿ ಭಯ ಇಲ್ಲ ಬಿಡಿ.

ಕೆನಡಾ, ಟೊರೊಂಟೊ ಹತ್ತಿರದಿಂದ:

ನಾನು ಮಂಡ್ಯದವಳು, ಡೇರೆ ಅನ್ನೋ ಹೆಸರೇ ಇವತ್ತು ಕೇಳಿದ್ದು! ಇಲ್ಲಿ ಕಥೆ ಬೇರೆ, ಅಕ್ಟೋಬರ್‌ನಲ್ಲಿ ಮೊದಲ ಫ್ರಾಸ್ಟ್ ಬಿದ್ದ ರಾತ್ರಿ ಬೆಳಗಾಗೋದ್ರೊಳಗೆ ಗಿಡ ಎಲ್ಲ ಕಪ್ಪಾಗಿ ಜೋತು ಬಿದ್ದಿರುತ್ತೆ, ಒಂದು ವಾರ ಹಾಗೇ ಬಿಟ್ಟು ಆಮೇಲೆ ಅಗೀತೀನಿ. ಮೊದಲನೇ ವರ್ಷ ಗ್ಯಾರೇಜಲ್ಲಿಟ್ಟೆ, ಜನವರಿಲಿ ಗ್ಯಾರೇಜ್ ಸೊನ್ನೆಗಿಂತ ಕೆಳಗೋಯ್ತು, ಗಡ್ಡೆ ಒಳಗಿನ ನೀರೇ ಹೆಪ್ಪುಗಟ್ಟಿ, ಕರಗಿದ ಮೇಲೆ ಬೆಂದ ಆಲೂಗಡ್ಡೆ ಹಿಸುಕಿದಂಗೆ. ಈಗ ಬೇಸ್‌ಮೆಂಟ್ ಮೂಲೇಲಿ ಇಡ್ತೀನಿ, 5ರಿಂದ 10 ಡಿಗ್ರಿ ಇರುತ್ತೆ, ರಟ್ಟಿನ ಡಬ್ಬದಲ್ಲಿ ಲೈಟಾಗಿ ತೇವ ಇರೋ ವರ್ಮಿಕ್ಯುಲೈಟ್ (ತೇವ ಹಿಡಿಯೋ ಹಗುರ ಖನಿಜದ ಚೂರು) ಒಳಗೆ. ತೇವ ಅಂದ್ರೆ ಮುಷ್ಟೀಲಿ ಹಿಂಡಿದ್ರೆ ಒಂದು ಹನಿನೂ ಬೀಳಬಾರದು, ಅಷ್ಟು.

ನಿಮಗೆ ಚಳಿ ತೊಂದರೆನೇ ಅಲ್ಲ ರೀ, ಮಾರ್ಚ್ ಏಪ್ರಿಲ್ ಬಿಸಿಲೇ ತೊಂದರೆ. ಫ್ರಿಜ್ ತರಕಾರಿ ಟ್ರೇ ಇದೆಯಲ್ಲ, ಒಂದು ಹಳೇ ಸ್ವೀಟ್ ಬಾಕ್ಸಿಗೆ ನಾಲ್ಕು ತೂತು ಮಾಡಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿ ಅದರಲ್ಲಿಡಿ. ಫ್ರೀಜರ್ ಹತ್ರ ಮಾತ್ರ ಬೇಡ. ಆಮೇಲೆ ಬಣ್ಣದ ಹೆಸರು ಗಡ್ಡೆ ಮೇಲೇ ಮಾರ್ಕರ್‌ನಲ್ಲಿ ಬರೆದುಬಿಡಿ, ಚೀಟಿ ಇಟ್ರೆ ಕಳೆದೇ ಹೋಗುತ್ತೆ, ನಂದು ಪ್ರತಿ ವರ್ಷ ಅರ್ಧಕ್ಕರ್ಧ "ಯಾವುದೋ ಒಂದು" ಅಂತಾನೇ ನೆಡೋದು.

ಕೇಳಿದವರು ಮತ್ತೆ:

ಥ್ಯಾಂಕ್ಸ್ ಎಲ್ಲರಿಗೂ. ಯಜಮಾನ್ರು ಫ್ರಿಜ್ ತೆಗೆದು "ಇದೇನು ಗೆಣಸಾ, ಬೇಯ್ಸಲ್ವಾ" ಅಂತ ಕೇಳಿದ್ದಾಯ್ತು. ಇನ್ನೊಂದು ಡೌಟು, ಆಲೂಗಡ್ಡೆ ತುಂಡು ಮಾಡಿ ನೆಡ್ತಾರಲ್ಲ, ಹಾಗೇ ಇದನ್ನೂ ಒಂದು ಗಡ್ಡೆ ಎರಡು ಮಾಡಿದ್ರೆ?

ಮೈಸೂರಿಂದ:

ಬೇಡಿ ಮೇಡಂ! ನಾನು ಹಾಗೆ ಮಾಡಿ 12 ಕುಂಡದಲ್ಲಿ ಬರೀ ಮಣ್ಣು ಸಾಕಿದೀನಿ. ಆಲೂಗಡ್ಡೆ ಕಾಂಡ, ಮೈತುಂಬ ಕಣ್ಣು, ಅಂದ್ರೆ ಚಿಗುರು ಒಡೆಯೋ ಜಾಗ. ಇದು ದಪ್ಪಗಾದ ಬೇರು ಅಷ್ಟೇ, ಬೇರಿನ ಮೈಮೇಲೆ ಕಣ್ಣೇ ಇರಲ್ಲ. ಕಣ್ಣು ಇರೋದು ಹಳೇ ದಂಟಿಗೂ ಗಡ್ಡೆ ಕುತ್ತಿಗೆಗೂ ಸೇರೋ ಆ ಗಂಟಲ್ಲಿ ಮಾತ್ರ. ಹಾಗಾಗಿ ಪ್ರತಿ ಗಡ್ಡೆ ಜೊತೆಗೂ ಆ ಗಂಟಿನ ಒಂದು ಚೂರು ಬರೋ ಹಾಗೆ ಕುಯ್ಯಬೇಕು. ಕಣ್ಣಿಲ್ಲದ ಗಡ್ಡೆ ಎಷ್ಟೇ ದಪ್ಪ ಇರ್ಲಿ ಬೇರು ಬಿಟ್ಕೊಂಡು ಸುಮ್ನೆ ಕೂತಿರುತ್ತೆ, ಚಿಗುರಲ್ಲ, ಹೆಬ್ಬೆರಳು ಗಾತ್ರದ್ದಾದ್ರೂ ಕಣ್ಣಿದ್ರೆ ಗಿಡ ಆಗುತ್ತೆ.

ಈಗ ಜನವರಿಲಿ ಕಣ್ಣು ಕಾಣಲ್ಲ, ಆತುರ ಪಡಬೇಡಿ. ಮೇ ಮೊದಲ ವಾರ ಫ್ರಿಜ್ಜಿಂದ ತೆಗೆದು ಒದ್ದೆ ಕೋಕೋಪೀಟ್ ಮೇಲೆ ಬೆಳಕಿರೋ ಕಡೆ ಇಡಿ, ಎರಡು ಮೂರು ವಾರಕ್ಕೆ ಗುಲಾಬಿ ಇಲ್ಲಾ ಹಸಿರು ಮೊಗ್ಗು ಉಬ್ಬುತ್ತೆ, ಆಗ ಕುಯ್ಯಿರಿ. ಚಾಕು ಒಂದು ಗುಂಪು ಮುಗಿದ ಮೇಲೆ ಸ್ಪಿರಿಟ್‌ನಲ್ಲಿ ಒರೆಸಿ, ಕುಯ್ದ ಬಾಯಿಗೆ ಅರಿಶಿನ ಇಲ್ಲಾ ಗಂಧಕದ ಪುಡಿ ಹಚ್ಚಿ ಒಂದು ದಿನ ಒಣಗಿಸಿ. ಹೋದ ವರ್ಷ ಎಲೆ ಮೇಲೆ ಹಳದಿ ಗೆರೆ ಚಿತ್ತಾರ ಬಂದು ಮುರುಟಿದ್ದ ಗಿಡದ ಗಡ್ಡೆ ಇದ್ರೆ ಬೇಡವೇ ಬೇಡ, ಅದು ವೈರಸ್, ಗಡ್ಡೆಲೇ ಮುಂದಕ್ಕೆ ಬರುತ್ತೆ.

ಮಡಿಕೇರಿಯಿಂದ:

ಅಜ್ಜಿ ಕಾಲದ ಕೆಂಪು ಅಂದ್ರಲ್ಲ, ಅದಕ್ಕೆ ಗಡ್ಡೆ ಒಂದನ್ನೇ ನಂಬ್ಕೊಂಡು ಕೂರಬೇಡಿ ಮಾರಾಯ್ರೆ, ಚಿಗುರು ಕಡ್ಡಿನೂ ಮಾಡಿ. ಮೊಳಕೆ ಮೂರು ನಾಲ್ಕು ಇಂಚು ಆದ ಮೇಲೆ ಬುಡದ ಒಂದು ಗೆಣ್ಣು ಅಲ್ಲೇ ಬಿಟ್ಟು ಮೇಲಿಂದ ಕಟ್ ಮಾಡಿ, ಆ ಗೆಣ್ಣಿಂದ ಮತ್ತೆ ಎರಡು ಚಿಗುರುತ್ತೆ. ಕಟ್ ಮಾಡಿದ್ದರ ಕೆಳಗಿನ ಎಲೆ ತೆಗೆದು ಒದ್ದೆ ಮರಳಲ್ಲಿ ಚುಚ್ಚಿ, ಮೇಲೆ ಅರ್ಧ ನೀರಿನ ಬಾಟ್ಲಿ ಕವುಚಿ, ನೆರಳು. 15-20 ದಿನಕ್ಕೆ ಬೇರು. ಬೀಜದಿಂದ ಬೆಳೆಸಿದ್ರೆ ತಾಯಿ ಬಣ್ಣನೇ ಬರುತ್ತೆ ಅಂತ ಹೇಳೋಕಾಗಲ್ಲ, ಕಡ್ಡಿ ಆದ್ರೆ ಅದೇ ಗಿಡ.

ನೆಡುವಾಗ ಗಡ್ಡೆನ ಅಡ್ಡ ಮಲಗಿಸಿ, ಕಣ್ಣು ಮೇಲೆ, ನಾಲ್ಕು ಬೆರಳು ಮಣ್ಣು, ಕೋಲು ಅವತ್ತೇ ನೆಟ್ಟುಬಿಡಿ, ಆಮೇಲೆ ಚುಚ್ಚಿದ್ರೆ ಗಡ್ಡೆಗೇ ಹೋಗುತ್ತೆ. ಚಿಗುರು ಮಣ್ಣಿಂದ ಮೇಲೆ ಬರೋ ತನಕ ನೀರು ಸುರಿಯಬೇಡಿ. ನಾಲ್ಕು ಜೊತೆ ಎಲೆ ಬಂದ ಮೇಲೆ ತುದಿ ಚಿವುಟಿ, ಮನಸ್ಸು ಬರಲ್ಲ, ಆದ್ರೂ ಚಿವುಟಿ. ಮಳೆಯಲ್ಲಿ ಬಸವನಹುಳ ಒಂದೇ ರಾತ್ರಿಗೆ ಎಳೆ ಚಿಗುರು ತಿಂದಾಕುತ್ತೆ, ನಾನು ಟಾರ್ಚ್ ಹಿಡ್ಕೊಂಡು ಹೆಕ್ತೀನಿ.

ಕೇಳಿದವರು, ಜೂನ್‌ನಲ್ಲಿ:

ಕೊನೆಗೆ ಏನಾಯ್ತು ಅಂತ ಹೇಳ್ತೀನಿ, ಕೇಳಿ. 5 ಗುಂಪಲ್ಲಿ 3 ಫ್ರಿಜ್ಜಿಗೆ, 2 ಸಾಗರದ ಅಕ್ಕ ಹೇಳಿದ ಹಾಗೆ ಮಡಕೆ ಮರಳಿಗೆ (ಬೂದಿ ಸಿಗಲಿಲ್ಲ, ಬರೀ ಮರಳು) ಸಿಂಕ್ ಕೆಳಗಿನ ಕಪಾಟಲ್ಲಿ. ಸಿಂಕ್ ಪೈಪ್ ಸೋರ್ತಿತ್ತು ಅಂತ ಗೊತ್ತಾಗಿದ್ದೇ ಏಪ್ರಿಲ್‌ನಲ್ಲಿ, ಒಂದು ಗುಂಪು ಪೂರ್ತಿ ಹೋಯ್ತು, ಇನ್ನೊಂದರಲ್ಲಿ ಎರಡು ಗಡ್ಡೆ ಉಳೀತು. ಫ್ರಿಜ್ಜಿನದು ಮೂರೂ ಗಟ್ಟಿಯಾಗಿತ್ತು. ಎಲ್ಲ ಸೇರಿ ಕುಯ್ದ ಮೇಲೆ 11 ಆಯ್ತು, 8 ಚಿಗುರಿದೆ. ಚಿಗುರದ ಮೂರರಲ್ಲಿ ಒಂದು, ಎಲ್ಲಕ್ಕಿಂತ ದಪ್ಪದ್ದು, ಇನ್ನೂ ಹಾಗೇ ಇದೆ, ಕೆದಕಿ ನೋಡಿದೆ, ಮೈಸೂರಿನವರು ಹೇಳಿದ ಹಾಗೆ ಕೆಳಗೆ ಬಿಳಿ ಬೇರು, ಮೇಲೆ ಏನೂ ಇಲ್ಲ. ಕೆಂಪಿನದು ಕಡ್ಡಿ 3 ಚುಚ್ಚಿದ್ದೆ, 2 ಹಿಡೀತು, ಆಯಿಗೆ ವಿಡಿಯೋ ಕಾಲಲ್ಲಿ ತೋರಿಸಿದ್ರೆ "ಇಷ್ಟೆಲ್ಲ ಮಾಡಕ್ಕಾ ಡೇರೆಗೆ" ಅಂತ ನಗ್ತಾಳೆ.

ಒಂದು ಕೆಂಪು ಕಡ್ಡಿ ಕೊಡೋಕೆ ರೆಡಿ ಇದೀನಿ, ಬದಲಿಗೆ ಹಳದಿ ಡೇರೆ ಯಾರ ಹತ್ರ ಇದೆ?