ಕಾರ್ನ್‌ಫ್ಲೋರ್ ಬಿಟ್ಟರೆ ಚಿಕನ್ ಸೂಪ್ ಬರೀ ನೀರಾಗುತ್ತಿದೆ, ಏನು ಮಾಡೋದು?

ಹಸಿದಹೊಟ್ಟೆ:
ಅಪ್ಪನಿಗೆ ಶುಗರ್ ಇದೆ, ಡಾಕ್ಟರು ಕಾರ್ಬ್ (ಪಿಷ್ಟ, ಸಕ್ಕರೆ) ಕಡಿಮೆ ಮಾಡಿ ಎಂದಿದ್ದಾರೆ. ರಾತ್ರಿಗೆ ಚಿಕನ್ ಸೂಪ್ ಕೊಡೋಣ ಅಂತ ಕಾರ್ನ್‌ಫ್ಲೋರ್, ನೂಡಲ್ಸ್, ಆಲೂಗಡ್ಡೆ ಮೂರನ್ನೂ ಬಿಟ್ಟು ಮಾಡಿದೆ. ಮೂಳೆ ಇಲ್ಲದ ಎದೆ ಭಾಗ ತಂದು ಸಣ್ಣಗೆ ಹೆಚ್ಚಿ ಮುಕ್ಕಾಲು ಗಂಟೆ ಕೊತಕೊತ ಕುದಿಸಿದೆ. ನೀರು ಒಂದು ಕಡೆ, ಮಾಂಸ ಒಂದು ಕಡೆ, ಅದೂ ಹತ್ತಿ ಅಗಿದ ಹಾಗೆ. ಅಪ್ಪ ಎರಡು ಚಮಚ ಕುಡಿದು "ಇದಕ್ಕಿಂತ ಬಿಸಿನೀರೇ ವಾಸಿ" ಎಂದುಬಿಟ್ಟರು. ಎಲ್ಲಿ ತಪ್ಪಿದೆ?

ಸೌಟು_ಹಿಡಿದವ:
ತಪ್ಪಿದ್ದು ಕಾರ್ನ್‌ಫ್ಲೋರ್ ಬಿಟ್ಟಿದ್ದಕ್ಕಲ್ಲ, ಮೂಳೆ ಬಿಟ್ಟಿದ್ದಕ್ಕೆ. ಮೂಳೆ, ಕೀಲು, ಚರ್ಮದಲ್ಲಿರುವ ಕೊಲಾಜನ್ ಅನ್ನೋ ಗಟ್ಟಿ ಪ್ರೋಟೀನು ನಿಧಾನವಾಗಿ ಬೆಂದು, ತಣ್ಣಗಾದರೆ ಜೆಲ್ಲಿಯಂತಾಗುವ ಜೆಲಾಟಿನ್ ಆಗುತ್ತದೆ, ಸೂಪಿಗೆ ಮೈ ಬರೋದೇ ಅದರಿಂದ. ರೆಕ್ಕೆ, ಕುತ್ತಿಗೆ, ಕಾಲು ತನ್ನಿ, ಅಗ್ಗಕ್ಕೂ ಸಿಗುತ್ತವೆ. ತಣ್ಣೀರಿನಲ್ಲೇ ಹಾಕಿ ಒಲೆ ಹಚ್ಚಿ. ಮೊದಲು ಬೂದು ಬಣ್ಣದ ನೊರೆ ಏಳುತ್ತದೆ, ಅದು ಕೊಳೆಯಲ್ಲ, ಪ್ರೋಟೀನು, ಆದರೂ ತೆಗೆದುಬಿಡಿ, ಸೂಪ್ ತಿಳಿಯಾಗಿರುತ್ತದೆ. ಆಮೇಲೆ ಉರಿ ಸಣ್ಣ ಮಾಡಿ, ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದರೆ ಸಾಕು. ಎರಡು ಗಂಟೆ ಅದರ ಪಾಡಿಗೆ ಬಿಡಿ. ಅಷ್ಟು ಹೊತ್ತು ಕಾಯೋಕಾಗಲ್ಲ ಅಂದ್ರೆ ಕುಕ್ಕರಿನಲ್ಲಿ 40 ನಿಮಿಷ. ಎದೆ ಮಾಂಸ ಬೇಕೇ ಬೇಕು ಅನ್ನೋದಾದರೆ ಇಡೀ ತುಂಡನ್ನು ಕೊನೆಗೆ ಹಾಕಿ, ಒಳಗಿನ ಗುಲಾಬಿ ಬಣ್ಣ ಹೋಗಿ ಪೂರ್ತಿ ಬೆಂದ ತಕ್ಷಣ ತೆಗೆದು ಎಳೆಎಳೆಯಾಗಿ ಬಿಡಿಸಿ.

ಮೆಣಸುಮೆಣಸು:
ಮೇಲಿನವರು ಹೇಳಿದ್ದು ಸರಿ, ಆದರೆ ಕಾರ್ನ್‌ಫ್ಲೋರ್ ಹಾಕಿದಷ್ಟು ದಪ್ಪ ಅದರಿಂದ ಬರಲ್ಲ. ಅದಕ್ಕೆ ನಾನು ಹೂಕೋಸು ಬೇಯಿಸಿ ಮಿಕ್ಸಿಗೆ ಹಾಕಿ ಬೆರೆಸುತ್ತೇನೆ. ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರಿನಲ್ಲಿ ಸುಮಾರು 7 ಗ್ರಾಂ ಕಾರ್ಬ್ ಇದೆ, 100 ಗ್ರಾಂ ಹೂಕೋಸಿನಲ್ಲಿ 5 ಗ್ರಾಂ ಅಷ್ಟೆ, ಅದರಲ್ಲೂ ಸ್ವಲ್ಪ ನಾರು. ಅಷ್ಟೇ ತೂಕದ ಆಲೂಗಡ್ಡೆಯಲ್ಲಿ 17ರ ಹತ್ತಿರ. ಇನ್ನೊಂದು, ಮೊಟ್ಟೆ. ಚೆನ್ನಾಗಿ ಕದಡಿ, ಕುದಿಯುವ ಸೂಪನ್ನು ಸೌಟಿನಿಂದ ತಿರುಗಿಸುತ್ತಾ ದಾರದ ಹಾಗೆ ಬಿಡಿ. ಒಮ್ಮೆಲೇ ಸುರಿದರೆ ಆಮ್ಲೆಟ್ ತೇಲುತ್ತದೆ (ಅನುಭವದ ಮಾತು). ಅಣಬೆ, ಎಲೆಕೋಸು ಧಾರಾಳ ಹಾಕಿ, ಕ್ಯಾರೆಟ್ ಮಾತ್ರ ಒಂದು ಹಿಡಿ ಸಾಕು.

ಸುಮ್ನೆ_ಓದುಗ:
ಸೂಪ್ ಕ್ಯೂಬ್ ಹಾಕುವವರು ಪ್ಯಾಕೆಟ್ ಹಿಂದೆ ಒಮ್ಮೆ ಓದಿ. ಉಪ್ಪು ಜಾಸ್ತಿ, ಎಷ್ಟೋ ಕ್ಯೂಬಿನಲ್ಲಿ ಸಕ್ಕರೆ ಅಥವಾ ಪಿಷ್ಟವೂ ಇರುತ್ತದೆ. ಇನ್ನು ಅಪ್ಪ ಇನ್ಸುಲಿನ್ನೋ ಶುಗರ್ ಮಾತ್ರೆಯೋ ತಗೊಳ್ತಿದ್ದರೆ, ಅನ್ನ ಚಪಾತಿ ಪೂರ್ತಿ ಬಿಟ್ಟು ರಾತ್ರಿ ಬರೀ ಸೂಪ್ ಕುಡಿಸುವ ಮೊದಲು ಡಾಕ್ಟರಿಗೆ ಹೇಳಿ. ಶುಗರ್ ತೀರಾ ಇಳಿದರೆ ಅದೂ ಅಪಾಯವೇ ಅಲ್ವಾ. ಕಿಡ್ನಿ ತೊಂದರೆ ಇದ್ದರಂತೂ ಕೇಳದೆ ಮಾಡಬೇಡಿ.

ಹಸಿದಹೊಟ್ಟೆ:
ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ, ರಾತ್ರಿ ಮಾತ್ರೆ ಸ್ವಲ್ಪ ಬದಲಾಯಿಸಿದರು. ನಿನ್ನೆ ರೆಕ್ಕೆ, ಕಾಲು ಹಾಕಿ ಎರಡೂವರೆ ಗಂಟೆ ಸಣ್ಣ ಉರಿಯಲ್ಲಿಟ್ಟೆ. ಸೋಸಿ, ಆರಿಸಿ ಫ್ರಿಜ್ಜಿನಲ್ಲಿಟ್ಟಿದ್ದು ಬೆಳಿಗ್ಗೆ ನೋಡಿದರೆ ಪಾತ್ರೆ ಅಲ್ಲಾಡಿಸಿದಾಗ ಸೂಪೇ ಗಡಗಡ ನಡುಗುತ್ತಿದೆ! ಮೇಲೆ ಹಳದಿ ಕೊಬ್ಬು ಹೆಪ್ಪುಗಟ್ಟಿತ್ತು, ಚಮಚದಲ್ಲಿ ಸಲೀಸಾಗಿ ಎತ್ತಿದೆ. ಅರ್ಧ ಹೂಕೋಸು, ಅಣಬೆ, ಕಾಳುಮೆಣಸು ಹಾಕಿ ಬಿಸಿ ಮಾಡಿದೆ. ಮೊಟ್ಟೆ ಮಾತ್ರ ಆಮ್ಲೆಟ್ಟೇ ಆಯಿತು. ಅಪ್ಪ ಏನೂ ಹೇಳಲಿಲ್ಲ, ಬಟ್ಟಲು ಮುಂದೆ ಚಾಚಿ "ಮೆಣಸು ಇನ್ನೊಂಚೂರು" ಎಂದರು.