ಸಹಾಯ ಬೇಕು: ಗೇನ್ ಏರಿಸಿದಾಗ ಕೀರಲು ಸದ್ದು ಮಾಡುವ ಎಲ್‌ಎಂ386 ಆಂಪ್ಲಿಫೈಯರ್

ಬಳಗದ ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದವನು, ಎಲೆಕ್ಟ್ರಾನಿಕ್ಸ್ ಕಲಿಕೆಗೆ ಹೊಸಬ. ನಮ್ಮ ಮನೆಯ ಚಾವಡಿಯಲ್ಲಿ ನಡೆಯುವ ತಾಳಮದ್ದಳೆಯಲ್ಲಿ ಶ್ರುತಿಯ ನಾದ ಹಿಂದೆ ಕುಳಿತವರಿಗೂ ಕೇಳಿಸಲೆಂದು, ಎಲ್‌ಎಂ386 ಐಸಿಯ ಪುಟ್ಟ ಆಂಪ್ಲಿಫೈಯರನ್ನು 9 ವೋಲ್ಟ್ ಬ್ಯಾಟರಿ ಹಾಗೂ 8 ಓಮ್ ಸ್ಪೀಕರಿನೊಂದಿಗೆ ಬೆಸುಗೆ ಬೇಡದ ಬ್ರೆಡ್‌ಬೋರ್ಡಿನಲ್ಲಿ ಜೋಡಿಸಿದ್ದೇನೆ.

1 ಮತ್ತು 8ನೇ ಪಿನ್‌ಗಳನ್ನು ಖಾಲಿ ಬಿಟ್ಟಾಗ, ಅಂದರೆ ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂಬ ಅಳತೆ) 20 ಇರುವಾಗ, ಧ್ವನಿ ಶುದ್ಧವಾಗಿಯೇ ಬರುತ್ತದೆ. ಅವುಗಳ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟು ಗೇನನ್ನು 200ಕ್ಕೆ ಏರಿಸಿದೊಡನೆ ಕೀರಲು ಸದ್ದು ಶುರುವಾಗುತ್ತದೆ. ಇನ್‌ಪುಟ್ ವಯರಿನ ಹತ್ತಿರ ಕೈ ತಂದರೆ ಆ ಸದ್ದಿನ ಸ್ಥಾಯಿಯೇ ಬದಲಾಗುತ್ತದೆ. ಇದು ಆಸಿಲೇಶನ್ (ಸರ್ಕ್ಯೂಟ್ ತಾನಾಗಿಯೇ ಕಂಪಿಸಿ ಸದ್ದು ಮಾಡುವುದು) ಇರಬೇಕೆಂದು ನನ್ನ ಅನಿಸಿಕೆ. ಬ್ರೆಡ್‌ಬೋರ್ಡಿನ ಉದ್ದ ವಯರುಗಳನ್ನು ಮೊಟಕುಗೊಳಿಸಿದರೆ ಸಾಕೇ, ಅಥವಾ ಔಟ್‌ಪುಟ್ ಆದ 5ನೇ ಪಿನ್ನಿನಿಂದ ಗ್ರೌಂಡಿಗೆ 10 ಓಮ್ ರೆಸಿಸ್ಟರ್ ಮತ್ತು 0.047 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಸರಣಿಯಲ್ಲಿ ಸೇರಿಸಲೇಬೇಕೇ?

ಇನ್ನೊಂದು ಪ್ರಶ್ನೆ ಬೆಸುಗೆಯದ್ದು. ಇಲ್ಲಿನ ಮಳೆಗಾಲದ ತೇವಕ್ಕೆ ಖಾಲಿ ಬೋರ್ಡಿನ ತಾಮ್ರ ಕಪ್ಪಾಗಿರುವುದರಿಂದ, 25 ವಾಟ್ ಐರನ್ನಿನಲ್ಲಿ 60/40 (ತವರ-ಸೀಸದ) ಸೋಲ್ಡರ್ ಕರಗಿಸಿದರೂ ಅದು ಪ್ಯಾಡಿನ ಮೇಲೆ ಹರಡದೆ ಉಂಡೆಯಾಗಿ ನಿಲ್ಲುತ್ತದೆ. ತಾಮ್ರವನ್ನು ನಯವಾದ ಮರಳುಕಾಗದದಿಂದ ಉಜ್ಜಿ ಫ್ಲಕ್ಸ್ (ಬೆಸುಗೆ ಹರಡಲು ನೆರವಾಗುವ ಪದಾರ್ಥ) ಹಚ್ಚಿದರೆ ಸಾಕಾಗುವುದೇ? ಐಸಿಗೆ ಬಿಸಿ ತಗಲದಂತೆ 8 ಪಿನ್ನಿನ ಬೇಸನ್ನೇ (ಐಸಿ ಕೂರಿಸುವ ಸಾಕೆಟ್) ಬೆಸೆಯುವ ಯೋಚನೆಯಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಬೇಕು.